ಅಮೆರಿಕದ ಸೊರಾರಿಟಿಗಳು: ಸದಸ್ಯರ ಆಯ್ಕೆ ಮತ್ತು ಹಣದ ಒತ್ತಡ

ಸೊರಾರಿಟಿ ಎಂದರೆ ಅಮೆರಿಕ ಸಂಯುಕ್ತ ಸಂಸ್ಥಾನದ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿನಿಯರು ಕಟ್ಟಿಕೊಂಡ, ಗ್ರೀಕ್ ಅಕ್ಷರಗಳ ಹೆಸರಿನ ಸಂಘ. ಮೇಲೆ ಒಂದು ರಾಷ್ಟ್ರೀಯ ಸಂಸ್ಥೆ, ಕೆಳಗೆ ಕ್ಯಾಂಪಸ್ಸಿಗೊಂದರಂತೆ ಶಾಖೆ, ಹಲವೆಡೆ ಆ ಶಾಖೆಗೊಂದು ಮನೆ. ಇದು ಅದರ ಸಾಮಾನ್ಯ ರಚನೆ. ಪದವಿ ಮುಗಿಸಿದವರು ಪ್ರತಿ ವರ್ಷ ಹೊರಟುಹೋಗುವುದರಿಂದ ಶಾಖೆಯ ಸುಮಾರು ಕಾಲು ಭಾಗ ಖಾಲಿಯಾಗುತ್ತದೆ. ಆ ಜಾಗ ತುಂಬಲು ನಡೆಯುವ ಆಯ್ಕೆಗೆ ಅಧಿಕೃತವಾಗಿ ರಿಕ್ರೂಟ್‌ಮೆಂಟ್ ಎನ್ನುತ್ತಾರೆ. ಕ್ಯಾಂಪಸ್ಸಿನ ಮಾತಿನಲ್ಲಿ ಅದು ರಶ್.

ರಶ್ ನಡೆಯುವ ದಿನಗಳಲ್ಲಿ ಗೆಳೆತನ, ಸಹೋದರಿಯರ ಬಾಂಧವ್ಯ, ಸಮಾಜಸೇವೆಗಳ ಮಾತು ಧಾರಾಳವಾಗಿ ನಡೆಯುತ್ತದೆ. ದುಡ್ಡಿನ ಮಾತನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಆದರೂ ಯಾರು ಬಾಗಿಲ ತನಕ ಬರುತ್ತಾರೆ, ಯಾರು ಅರ್ಧಕ್ಕೇ ಹಿಂದಿರುಗುತ್ತಾರೆ, ಯಾವ ಶಾಖೆ ಎಷ್ಟು ಜನರನ್ನು ಸೇರಿಸಿಕೊಳ್ಳಲೇಬೇಕು ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಎರಡು ಲೆಕ್ಕಗಳು: ಮನೆ ನಡೆಸುವವರ ಲೆಕ್ಕ ಮತ್ತು ಮಗಳನ್ನು ಓದಿಸುವವರ ಲೆಕ್ಕ. ಇವೆರಡೂ ಆಯ್ಕೆಯ ಮಾತಿನೊಳಗೆ ಅಡಗಿ ಕೂತಿರುವುದರಿಂದ, ಹಣದ ಕಾರಣಕ್ಕೆ ಆದದ್ದು ಕೂಡ ಹುಡುಗಿಯ ಸ್ವಭಾವಕ್ಕೂ ಮನೆಯ ರೀತಿಗೂ ಹೊಂದಿಕೆಯಾಗಲಿಲ್ಲ ಎಂಬಂತೆ ತೋರುತ್ತದೆ. ಈ ವ್ಯವಸ್ಥೆಯಲ್ಲಿ ಹೆಚ್ಚು ಗಮನಿಸಬೇಕಾದ ಸಂಗತಿ ಇದೇ.

ಇಲ್ಲಿ ಮುಖ್ಯವಾಗಿ ನ್ಯಾಷನಲ್ ಪ್ಯಾನ್‌ಹೆಲೆನಿಕ್ ಕಾನ್ಫರೆನ್ಸ್ ಎಂಬ ಒಕ್ಕೂಟದ 26 ಸಂಸ್ಥೆಗಳನ್ನೂ, ಅವು ಬಲವಾಗಿ ಬೇರೂರಿರುವ ದೊಡ್ಡ ರಾಜ್ಯ ವಿಶ್ವವಿದ್ಯಾಲಯಗಳನ್ನೂ ಎತ್ತಿಕೊಳ್ಳಲಾಗಿದೆ. ಟಸ್ಕಲೂಸಾ ಊರಿನಲ್ಲಿರುವ ಅಲಬಾಮ ವಿಶ್ವವಿದ್ಯಾಲಯದ ಉದಾಹರಣೆ ಮತ್ತೆ ಮತ್ತೆ ಬರುತ್ತದೆ. ಅಲ್ಲಿ 2020ರ ದಶಕದಲ್ಲಿ ಪ್ರತಿ ಆಗಸ್ಟ್ ತಿಂಗಳೂ ಎರಡು ಸಾವಿರಕ್ಕಿಂತ ಹೆಚ್ಚು ಹುಡುಗಿಯರು ರಶ್‌ಗೆ ಹೆಸರು ಕೊಡುತ್ತಿದ್ದಾರೆ.

ಮನೆ ಬಂತು, ಸಾಲವೂ ಬಂತು

ಜಾರ್ಜಿಯಾದ ಮೇಕನ್ ಊರಿನ ವೆಸ್ಲಿಯನ್ ಮಹಿಳಾ ಕಾಲೇಜಿನಲ್ಲಿ 1851 ಮತ್ತು 1852ರಲ್ಲಿ ಹುಟ್ಟಿದ ಎರಡು ವಿದ್ಯಾರ್ಥಿನಿ ಸಂಘಗಳೇ ಇಂದಿನ ಆಲ್ಫಾ ಡೆಲ್ಟಾ ಪೈ ಮತ್ತು ಫೈ ಮ್ಯೂ ಸಂಸ್ಥೆಗಳ ಮೂಲ. 1870ರಲ್ಲಿ ಇಂಡಿಯಾನಾದ ಗ್ರೀನ್‌ಕ್ಯಾಸಲ್‌ನಲ್ಲಿ ಕಪ್ಪಾ ಆಲ್ಫಾ ಥೀಟಾ, ಅದೇ ವರ್ಷ ಇಲಿನಾಯ್‌ನ ಮಾನ್‌ಮತ್ ಕಾಲೇಜಿನಲ್ಲಿ ಕಪ್ಪಾ ಕಪ್ಪಾ ಗ್ಯಾಮಾ ಆರಂಭವಾದವು. ಗಂಡುಮಕ್ಕಳಿಗೆಂದೇ ಇದ್ದ ಕಾಲೇಜುಗಳಿಗೆ ಹೆಣ್ಣುಮಕ್ಕಳು ಆಗತಾನೆ ಕಾಲಿಡುತ್ತಿದ್ದ ಕಾಲ ಅದು. ತರಗತಿಗೆ ಸೇರಿಸಿಕೊಂಡ ಕಾಲೇಜು ಉಳಿಯಲು ಜಾಗ ಕೊಡುತ್ತಿರಲಿಲ್ಲ. ಹುಡುಗಿಯರು ಊರಿನ ಬಾಡಿಗೆ ಕೋಣೆಗಳಲ್ಲಿ ಚದುರಿ ಇರಬೇಕಿತ್ತು. ಒಟ್ಟಿಗೆ ಒಂದು ಮನೆ ಹಿಡಿಯುವುದು ಅವರಿಗೆ ಶೋಕಿಯಾಗಿರಲಿಲ್ಲ, ಅಗತ್ಯವಾಗಿತ್ತು. ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್‌ನಲ್ಲಿ ಆಲ್ಫಾ ಫೈ ಸಂಘ 1886ರಲ್ಲಿ ತನ್ನದೇ ಮನೆ ಕಟ್ಟಿಸಿತು. ವಿದ್ಯಾರ್ಥಿನಿ ಸಂಘವೊಂದು ಹೀಗೆ ಮನೆ ಕಟ್ಟಿದ್ದು ಅದೇ ಮೊದಲು.

ಮನೆಯ ಹಿಂದೆಯೇ ಅದರ ಖರ್ಚುಗಳೂ ಬಂದವು: ಸಾಲದ ಕಂತು, ತೆರಿಗೆ, ಅಡುಗೆಯವರ ಸಂಬಳ, ಚಳಿಗಾಲದ ಉರುವಲು, ಮಾಡಿನ ರಿಪೇರಿ. ಮನೆಯಲ್ಲಿ 20 ಜನ ಇರಲಿ, 30 ಜನ ಇರಲಿ, ಈ ಖರ್ಚು ಬದಲಾಗುವುದಿಲ್ಲ. ಹೀಗಾಗಿ ಹೊಸಬರನ್ನು ಸೇರಿಸಿಕೊಳ್ಳುವುದು ಗೆಳತಿಯರನ್ನು ಆರಿಸಿಕೊಳ್ಳುವ ಸಂಭ್ರಮವಾಗಿಯಷ್ಟೇ ಉಳಿಯದೆ ಮನೆ ಉಳಿಸಿಕೊಳ್ಳುವ ಕೆಲಸವೂ ಆಯಿತು. ಸಂಘಗಳು ಪರಸ್ಪರ ಪೈಪೋಟಿಗೆ ಬಿದ್ದು ಔತಣ, ಚಹಾಕೂಟಗಳಿಗೆ ಹಣ ಸುರಿಯತೊಡಗಿದವು, ಹುಡುಗಿಯರು ಕಾಲೇಜಿಗೆ ಬರುವ ಮೊದಲೇ ಮಾತು ತೆಗೆದುಕೊಳ್ಳತೊಡಗಿದವು. ಇದಕ್ಕೆ ಕಡಿವಾಣ ಹಾಕಬೇಕೆಂದು ಏಳು ಸಂಸ್ಥೆಗಳ ಪ್ರತಿನಿಧಿಗಳು 1902ರಲ್ಲಿ ಷಿಕಾಗೊದಲ್ಲಿ ಸಭೆ ಸೇರಿದರು. ಪ್ಯಾನ್‌ಹೆಲೆನಿಕ್ ಒಕ್ಕೂಟ ಹುಟ್ಟಿದ್ದು ಹೀಗೆ. ರಶ್‌ಗೆ ನಿಯಮ ಹಾಕುವ ಕೆಲಸ ಅಂದಿನಿಂದಲೂ ಅದರ ಪಾಲಿಗಿದೆ.

1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ಈ ರಚನೆಯ ದುರ್ಬಲ ಕೊಂಡಿ ಎದ್ದು ಕಂಡಿತು. ಅಪ್ಪನ ಕೆಲಸ ಹೋದ ಮನೆಯ ಹುಡುಗಿ ಓದು ಬಿಡದಿದ್ದರೂ ಸೊರಾರಿಟಿಯ ಶುಲ್ಕ ಕಟ್ಟುವುದನ್ನು ಬಿಡಬೇಕಾಗುತ್ತಿತ್ತು. ಸಣ್ಣ ರಾಷ್ಟ್ರೀಯ ಸಂಸ್ಥೆಗಳು ಆ ವರ್ಷಗಳಲ್ಲಿ ಒಂದೊಂದಾಗಿ ದೊಡ್ಡವುಗಳೊಳಗೆ ಸೇರಿಹೋದವು: 1933ರಲ್ಲಿ ಲ್ಯಾಂಬ್ಡಾ ಒಮೇಗಾ ಥೀಟಾ ಅಪ್ಸಿಲಾನ್‌ನೊಂದಿಗೆ, 1939ರಲ್ಲಿ ಆಲ್ಫಾ ಡೆಲ್ಟಾ ಥೀಟಾ ಫೈ ಮ್ಯೂನೊಂದಿಗೆ, 1941ರಲ್ಲಿ ಬೀಟಾ ಫೈ ಆಲ್ಫಾ ಡೆಲ್ಟಾ ಝೀಟಾದೊಂದಿಗೆ. ಯುದ್ಧದ ನಂತರ ಕಾಲೇಜುಗಳು ತುಂಬಿದಾಗ ಸೊರಾರಿಟಿಗಳೂ ಬೆಳೆದವು. 1960ರ ದಶಕದ ಕೊನೆಗೆ ಯುವಜನರ ಒಲವು ಬೇರೆ ಕಡೆ ತಿರುಗಿದಾಗ ಸೊರಗಿದವು, 1980ರ ದಶಕದಲ್ಲಿ ಮತ್ತೆ ಚೇತರಿಸಿಕೊಂಡವು.

ರಶ್ ವಾರ

ದಕ್ಷಿಣದ ರಾಜ್ಯಗಳ ಬಹುತೇಕ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ರಶ್ ನಡೆಯುವುದು ಆಗಸ್ಟಿನಲ್ಲಿ, ತರಗತಿ ಶುರುವಾಗುವ ಮೊದಲು. ವಾಂಡರ್‌ಬಿಲ್ಟ್‌ನಂಥ ಕೆಲವು ಕಡೆ ಜನವರಿಯವರೆಗೆ ಕಾಯುತ್ತಾರೆ. ಈ ವ್ಯತ್ಯಾಸ ಸಣ್ಣದಲ್ಲ. ಆಗಸ್ಟಿನಲ್ಲಿ ನಡೆದರೆ ಹುಡುಗಿಗೆ ಕ್ಯಾಂಪಸ್ಸಿನಲ್ಲಿ ಗೆಳತಿಯರೂ ಇರುವುದಿಲ್ಲ, ಅಲ್ಲಿನ ಖರ್ಚುವೆಚ್ಚದ ಅಂದಾಜೂ ಇರುವುದಿಲ್ಲ. ಹಾಸ್ಟೆಲಿಗೆ ಬೇಗ ಬರಬೇಕು. ಬೇಸಿಗೆ ರಜೆಯಲ್ಲಿ ಕೆಲಸಕ್ಕೆ ಹೋಗುತ್ತಿದ್ದವಳಾದರೆ ಕೊನೆಯ ಒಂದೆರಡು ವಾರದ ಸಂಬಳ ಬಿಡಬೇಕು. ಈಗಾಗಲೇ ಸದಸ್ಯೆಯರಾದವರ ಪಾಡೂ ಇದೇ. ಅವರು ಇನ್ನೂ ಒಂದು ವಾರ ಮೊದಲೇ ಬಂದು ಬೆಳಗಿನಿಂದ ರಾತ್ರಿಯವರೆಗೆ ಹಾಡು, ಬಾಗಿಲಲ್ಲಿ ನಿಲ್ಲುವ ಸಾಲು, ಮಾತುಕತೆಯ ಕ್ರಮಗಳನ್ನು ಅಭ್ಯಾಸ ಮಾಡಬೇಕು. ಅದಕ್ಕೆ ಕೂಲಿಯಿಲ್ಲ, ತಪ್ಪಿಸಿಕೊಂಡರೆ ಹಲವು ಶಾಖೆಗಳಲ್ಲಿ ದಂಡ ಉಂಟು.

ಟಸ್ಕಲೂಸಾದ ಆಗಸ್ಟ್ ಬಿಸಿಲು ಬೆವರಿಳಿಸುವಂಥದ್ದು. ಬಿಳಿ ಕಂಬಗಳ ಮಹಡಿ ಮನೆಗಳು ಸಾಲಾಗಿ ನಿಂತ ಬೀದಿಯಲ್ಲಿ ಹುಡುಗಿಯರು ಗುಂಪುಗುಂಪಾಗಿ ಕಾಯುತ್ತಾರೆ. ಕೈಯಲ್ಲಿ ಬ್ಯಾಟರಿಯ ಪುಟ್ಟ ಫ್ಯಾನು, ನೀರಿನ ಬಾಟಲಿ, ಹೆಗಲಿನ ಚೀಲದಲ್ಲಿ ಬದಲಿ ಚಪ್ಪಲಿ, ಬೆವರು ಒರೆಸುವ ಕಾಗದ, ಮುಖಕ್ಕೆ ಬಳಿಯುವ ಸಾಮಗ್ರಿ. ಗಂಟೆ ಸರಿಯಾಗಿ ಬಾಗಿಲು ತೆರೆಯುತ್ತದೆ, ಒಳಗಿನಿಂದ ಹತ್ತಾರು ದನಿಗಳ ಹಾಡು ಹೊರಬೀಳುತ್ತದೆ. ಒಬ್ಬ ಸದಸ್ಯೆ ಒಬ್ಬಳನ್ನು ಕೈಹಿಡಿದು ಒಳಗೆ ಕರೆದೊಯ್ಯುತ್ತಾಳೆ. ಊರು ಯಾವುದು, ಏನು ಓದಬೇಕೆಂದಿದ್ದೀಯ, ಬೇಸಿಗೆಯಲ್ಲಿ ಎಲ್ಲಿಗೆ ಹೋಗಿದ್ದೆ ಎಂದು ಕೇಳುತ್ತಾಳೆ. ಕೆಲವು ನಿಮಿಷಕ್ಕೆ ಇನ್ನೊಬ್ಬಳು ಬಂದು ಅವಳ ಜಾಗ ಹಿಡಿಯುತ್ತಾಳೆ. ಮೂರನೆಯ ಪ್ರಶ್ನೆಯನ್ನು ಕೇಳಿದವಳ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಾರದು. ಆದರೆ ಬೇಸಿಗೆಯನ್ನು ಕಡಲತೀರದಲ್ಲಿ ಕಳೆದವಳಿಗೂ ದಿನಸಿ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ಕೂತು ಕಳೆದವಳಿಗೂ ಆ ಪ್ರಶ್ನೆ ಒಂದೇ ಆಗಿರುವುದಿಲ್ಲ.

ಮೊದಲ ದಿನಗಳಲ್ಲಿ ಎಲ್ಲ ಮನೆಗಳಿಗೂ ಭೇಟಿ, ಆಮೇಲೆ ಸೇವಾಕಾರ್ಯದ ಸುತ್ತು, ಬಾಂಧವ್ಯದ ಸುತ್ತು, ಕೊನೆಗೆ ಪ್ರಿಫರೆನ್ಸ್ ಸುತ್ತು. ಪ್ರತಿ ಸುತ್ತಿನ ನಂತರ ಶಾಖೆಗಳು ತಮಗೆ ಬೇಕಾದವರ ಪಟ್ಟಿ ಕೊಡುತ್ತವೆ, ಹುಡುಗಿಯರು ತಮ್ಮ ಮೆಚ್ಚುಗೆಯ ಕ್ರಮ ಕೊಡುತ್ತಾರೆ, ಕಂಪ್ಯೂಟರು ಎರಡನ್ನೂ ಹೊಂದಿಸುತ್ತದೆ. ಕೊನೆಯ ರಾತ್ರಿ ಹುಡುಗಿ ಒಂದು ಒಪ್ಪಂದಕ್ಕೆ ಸಹಿ ಹಾಕುತ್ತಾಳೆ. ತಾನು ಬರೆದ ಮನೆಗಳಲ್ಲಿ ಒಂದರಿಂದ ಆಹ್ವಾನ, ಅಂದರೆ ಬಿಡ್, ಬಂದು ಅದನ್ನು ನಿರಾಕರಿಸಿದರೆ, ಒಂದು ವರ್ಷ ಆ ಕ್ಯಾಂಪಸ್ಸಿನ ಬೇರೆ ಯಾವ ಪ್ಯಾನ್‌ಹೆಲೆನಿಕ್ ಶಾಖೆಗೂ ಸೇರುವಂತಿಲ್ಲ. ಅಲಬಾಮದಲ್ಲಿ ಬಿಡ್ ಡೇ ನಡೆಯುವುದು ಬ್ರಯಂಟ್-ಡೆನ್ನಿ ಫುಟ್‌ಬಾಲ್ ಕ್ರೀಡಾಂಗಣದಲ್ಲಿ. ಸಾವಿರಾರು ಹುಡುಗಿಯರು ಒಟ್ಟಿಗೆ ಲಕೋಟೆ ಒಡೆದು, ತಮ್ಮ ತಮ್ಮ ಮನೆಗಳ ಕಡೆ ಓಡುತ್ತಾರೆ.

ಹೊಂದಾಣಿಕೆಯ ಲೆಕ್ಕ

ಈ ಏರ್ಪಾಡು ಅರ್ಥಶಾಸ್ತ್ರಜ್ಞರ ಗಮನವನ್ನೂ ಸೆಳೆಯಿತು. 2012ರ ನೊಬೆಲ್ ಪಡೆದ ಆಲ್ವಿನ್ ರಾತ್, ಸೂಸನ್ ಮೊಂಗೆಲ್ ಜೊತೆ ಸೇರಿ 1991ರಲ್ಲಿ ಅಮೆರಿಕನ್ ಎಕನಾಮಿಕ್ ರಿವ್ಯೂ ಪತ್ರಿಕೆಯಲ್ಲಿ ರಶ್ ಬಗ್ಗೆ ಪ್ರಬಂಧವೊಂದನ್ನು ಪ್ರಕಟಿಸಿದರು. ಎರಡೂ ಕಡೆಯವರು ಪರಸ್ಪರ ಆರಿಸಿಕೊಳ್ಳುವ ಮಾರುಕಟ್ಟೆಯಾಗಿ ಅವರು ರಶ್ ಅನ್ನು ನೋಡಿದರು. 1928ರಿಂದ ಬಳಕೆಗೆ ಬಂದ ಪಟ್ಟಿಯ ಪದ್ಧತಿ ಗಣಿತದ ಪ್ರಕಾರ ಎಲ್ಲ ಸಂದರ್ಭಗಳಲ್ಲೂ ಸ್ಥಿರ ಫಲ ಕೊಡಲಾರದು. ಆದರೂ ಅದು ದಶಕಗಟ್ಟಲೆ ಬಾಳಿತು. ಅದಕ್ಕೆ ಅವರು ಕಂಡ ಕಾರಣವೆಂದರೆ, ಅವರು ಪರಿಶೀಲಿಸಿದ ಕ್ಯಾಂಪಸ್‌ಗಳಲ್ಲಿ ಬಹಳಷ್ಟು ಹುಡುಗಿಯರು ಹಲವು ಮನೆಗಳ ಹೆಸರು ಬರೆಯದೆ ಒಂದೇ ಹೆಸರು ಬರೆದುಕೊಡುತ್ತಿದ್ದರು.

ಈಗ ಒಕ್ಕೂಟ ಬಳಸುವ ವಿಧಾನಕ್ಕೆ ರಿಲೀಸ್ ಫಿಗರ್ ಪದ್ಧತಿ ಎಂದು ಹೆಸರು. ಹಿಂದಿನ ವರ್ಷಗಳಲ್ಲಿ ಒಂದು ಶಾಖೆ ಕರೆದವರಲ್ಲಿ ಎಷ್ಟು ಜನ ಮರಳಿ ಬಂದರು ಎಂಬ ಅನುಪಾತದ ಮೇಲೆ, ಈ ಸಲ ಅದು ಎಷ್ಟು ಜನರನ್ನು ಕರೆಯಬಹುದು ಎಂದು ನಿಗದಿಯಾಗುತ್ತದೆ. ಬೇಡಿಕೆ ಹೆಚ್ಚಿರುವ ಮನೆ ಮೊದಲ ಸುತ್ತುಗಳಲ್ಲೇ ಬಹಳ ಜನರನ್ನು ಬಿಟ್ಟುಕೊಡಬೇಕು. ಬೇಡಿಕೆ ಕಡಿಮೆಯಿರುವ ಮನೆ ಹೆಚ್ಚು ಜನರನ್ನು ಕರೆಯಬಹುದು. ಕೊನೆಗೆ ಎಲ್ಲ ಶಾಖೆಗಳಿಗೂ ಹೊಸ ಸದಸ್ಯರ ಒಂದೇ ಕೋಟಾ. ಅಲಬಾಮದಂಥ ಕಡೆ ಒಂದು ಶಾಖೆಗೆ ಒಂದೇ ವರ್ಷ ನೂರಕ್ಕಿಂತ ಹೆಚ್ಚು ಹೊಸಬರು ಬರುವುದುಂಟು. ಬಲಾಢ್ಯ ಮನೆಗಳು ಎಲ್ಲರನ್ನೂ ಬಾಚಿಕೊಂಡು ಸಣ್ಣವು ಮುಚ್ಚಿಹೋಗದಿರಲಿ ಎಂಬುದು ಇದರ ಉದ್ದೇಶ. ಎಲ್ಲ ಶಾಖೆಗಳಿಗೂ ಆದಾಯ ಹಂಚುವ ಏರ್ಪಾಡೂ ಇದೇ, ಏಕೆಂದರೆ ಶಾಖೆಯ ಹಣವೆಲ್ಲ ಬರುವುದು ತಲೆ ಎಣಿಕೆಯಿಂದ.

ಆ ಎಣಿಕೆ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಒಂದು ಕಾಲ್ಪನಿಕ ಲೆಕ್ಕದಲ್ಲಿ ನೋಡಬಹುದು. ಒಂದು ಮನೆಯಲ್ಲಿ 60 ಹಾಸಿಗೆಗಳಿವೆ, ವರ್ಷದ ಸ್ಥಿರ ಖರ್ಚು 6 ಲಕ್ಷ ಡಾಲರ್ ಎಂದಿಟ್ಟುಕೊಳ್ಳೋಣ. ಎಲ್ಲ ತುಂಬಿದರೆ ತಲೆಗೆ 10,000 ಡಾಲರ್. 48 ಜನ ಮಾತ್ರ ಉಳಿದರೆ 12,500. ಶುಲ್ಕ ಏರಿದ ಕೂಡಲೇ ಅಂಚಿನಲ್ಲಿದ್ದ ಇನ್ನೂ ನಾಲ್ಕು ಜನ ಹೊರಡುತ್ತಾರೆ, ಉಳಿದವರ ಪಾಲು ಮತ್ತೆ ಏರುತ್ತದೆ. ಇದನ್ನು ತಡೆಯಲು ಶಾಖೆಗಳು ಮಾಡಿಕೊಂಡ ನಿಯಮಗಳು ಹಲವು: ಎರಡನೆಯ ವರ್ಷ ಕಡ್ಡಾಯವಾಗಿ ಮನೆಯಲ್ಲಿರಬೇಕು, ಹೊರಗಿರುವವರೂ ಮನೆಯ ನಿರ್ವಹಣೆಗೆಂದು ಪ್ರತ್ಯೇಕ ಶುಲ್ಕ ಕಟ್ಟಬೇಕು, ವಾರಕ್ಕೆ ಇಷ್ಟು ಊಟದ ಹಣ ಉಂಡರೂ ಉಣ್ಣದಿದ್ದರೂ ಕೊಡಬೇಕು. ಹೊರಗೆ ಅಗ್ಗದ ಕೋಣೆ ಸಿಕ್ಕರೂ ಹಿಡಿಯುವಂತಿಲ್ಲ.

ಈ ಒತ್ತಡ ಎಷ್ಟು ಕಠೋರವಾಗಬಲ್ಲದು ಎಂಬುದಕ್ಕೆ ಹೆಚ್ಚು ಚರ್ಚೆಯಾದ ನಿದರ್ಶನ ನಡೆದದ್ದು ದೊಡ್ಡ ವಿಶ್ವವಿದ್ಯಾಲಯದಲ್ಲಲ್ಲ, ಗ್ರೀನ್‌ಕ್ಯಾಸಲ್‌ನ ಡಿಪಾವ್ ಎಂಬ ಸಣ್ಣ ಸಂಸ್ಥೆಯಲ್ಲಿ. ಅಲ್ಲಿನ ಡೆಲ್ಟಾ ಝೀಟಾ ಶಾಖೆಯಲ್ಲಿ ಸದಸ್ಯರ ಸಂಖ್ಯೆ ಕುಸಿದು 35ಕ್ಕೆ ಬಂದಿತ್ತು, ಮನೆಯಲ್ಲಿ ಹಾಸಿಗೆಗಳು ಖಾಲಿ ಬಿದ್ದಿದ್ದವು. 2006ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಸಂಸ್ಥೆ ಸದಸ್ಯೆಯರನ್ನೆಲ್ಲ ಮಾತನಾಡಿಸಿ, 23 ಜನರನ್ನು ಹಳೆಯ ಸದಸ್ಯೆಯರ ಪಟ್ಟಿಗೆ ಸೇರಿಸಿ ಮನೆ ಬಿಡುವಂತೆ ಹೇಳಿತು. ಹೊಸಬರನ್ನು ಸೇರಿಸುವ ಕೆಲಸಕ್ಕೆ ಬದ್ಧತೆ ಸಾಲದು ಎಂಬುದು ಸಂಸ್ಥೆ ಕೊಟ್ಟ ಕಾರಣ. ದಪ್ಪಗಿದ್ದವರು, ಬಿಳಿಯರಲ್ಲದವರು ಹೆಚ್ಚಾಗಿ ಆ ಪಟ್ಟಿಯಲ್ಲಿದ್ದರು ಎಂದು ಹೊರಬಿದ್ದವರು ದೂರಿದರು. ಸಂಸ್ಥೆ ಅದನ್ನು ಅಲ್ಲಗಳೆಯಿತು. ಉಳಿಸಿಕೊಂಡಿದ್ದ 12 ಜನರಲ್ಲಿ ಆರು ಮಂದಿ ಸಿಟ್ಟಿನಿಂದ ತಾವೇ ಹೊರಟುಹೋದರು. 2007ರಲ್ಲಿ ಸುದ್ದಿ ದೇಶವೆಲ್ಲ ಹಬ್ಬಿತು, ವಿಶ್ವವಿದ್ಯಾಲಯದ ಅಧ್ಯಕ್ಷ ರಾಬರ್ಟ್ ಬಾಟಮ್ಸ್ ಆ ಸೊರಾರಿಟಿಯೊಂದಿಗಿನ ನಂಟನ್ನು ಕಡಿದುಹಾಕಿದರು. ಯಾವ ಕಡೆಯ ವಿವರಣೆ ಒಪ್ಪಿದರೂ ಒಂದು ಮಾತು ಉಳಿಯುತ್ತದೆ: ಮನೆ ತುಂಬಿಸಲೇಬೇಕೆಂಬ ಒತ್ತಾಯ ಇಲ್ಲದಿದ್ದರೆ ಆ ಹುಡುಗಿಯರು ತಮ್ಮ ಮನೆಯಲ್ಲೇ ಓದು ಮುಗಿಸಿರುತ್ತಿದ್ದರು.

ಕುಟುಂಬದ ಕಡೆಯ ಲೆಕ್ಕ

ಅಲಬಾಮದಲ್ಲಿ 2020ರ ದಶಕದ ಆರಂಭದಲ್ಲಿ, ಮನೆಯಲ್ಲಿ ವಾಸಿಸದ ಸದಸ್ಯೆ ಒಂದು ಸೆಮಿಸ್ಟರಿಗೆ ಸರಾಸರಿ 4,000 ಡಾಲರಿನ ಆಸುಪಾಸು ಕಟ್ಟಬೇಕಿತ್ತು. ವಾಸಿಸುವವಳಿಗೆ ಬಾಡಿಗೆ, ಊಟ ಸೇರಿ ಅದು 8,000 ಡಾಲರ್ ದಾಟುತ್ತಿತ್ತು. ಇದು ಕಾಲೇಜು ಶುಲ್ಕದ ಮೇಲಿನ ಖರ್ಚು. ಬಡ ವಿದ್ಯಾರ್ಥಿಗಳಿಗೆ ಕೇಂದ್ರ ಸರ್ಕಾರ ಕೊಡುವ ಪೆಲ್ ಅನುದಾನದ ಗರಿಷ್ಠ ಮೊತ್ತ 2023-24ರಲ್ಲಿ ಇಡೀ ವರ್ಷಕ್ಕೆ 7,395 ಡಾಲರ್. ಆ ಅನುದಾನವನ್ನು ಪೂರ್ತಿ ಸುರಿದರೂ ಸೊರಾರಿಟಿ ಮನೆಯಲ್ಲಿ ವಾಸಿಸುವವಳಿಗೆ ಒಂದು ಸೆಮಿಸ್ಟರ್ ಕಳೆಯುವುದಿಲ್ಲ. ದುಡಿದು ಕಟ್ಟುತ್ತೇನೆ ಎನ್ನುವವಳ ಲೆಕ್ಕವನ್ನೂ ನೋಡೋಣ. ದೇಶದ ಕನಿಷ್ಠ ಕೂಲಿ 2009ರಿಂದ ಗಂಟೆಗೆ 7.25 ಡಾಲರ್, ಅಲಬಾಮಕ್ಕೆ ತನ್ನದೇ ಬೇರೆ ಕನಿಷ್ಠ ಕೂಲಿ ಇಲ್ಲ. ಆ ದರದಲ್ಲಿ 4,000 ಡಾಲರ್ ಗಳಿಸಲು 550 ಗಂಟೆಗೂ ಹೆಚ್ಚು ದುಡಿಯಬೇಕು. ಸೆಮಿಸ್ಟರಿನ ಸುಮಾರು 16 ವಾರಗಳಿಗೆ ಹಂಚಿದರೆ ವಾರಕ್ಕೆ 34 ಗಂಟೆ. ಓದುವುದು ಯಾವಾಗ, ಸಂಘದ ಕಡ್ಡಾಯ ಸಭೆಗಳಿಗೆ ಹೋಗುವುದು ಯಾವಾಗ?

ಸಂಘದ ಬಿಲ್ಲಿನಲ್ಲಿ ಕಾಣದ ಖರ್ಚುಗಳೂ ಇವೆ. ರಶ್‌ಗೆ ಹೆಸರು ಕೊಡಲು ನೂರಾರು ಡಾಲರ್, ಬಿಡ್ ಸಿಗದಿದ್ದರೂ ಅದು ಮರಳುವುದಿಲ್ಲ. ಸುತ್ತಿಗೊಂದು ಉಡುಪು. ಸೇರಿದ ಮೇಲೆ ದೀಕ್ಷೆಯ ಶುಲ್ಕ, ಸಂಘದ ಬ್ಯಾಡ್ಜು, ಕಾರ್ಯಕ್ರಮಕ್ಕೊಂದರಂತೆ ಟಿ-ಷರ್ಟ್, ಹಿರಿಯಳು ತನ್ನ ಪಾಲಿಗೆ ಬಂದ ಕಿರಿಯಳಿಗೆ ಕೊಡುವ ಉಡುಗೊರೆಗಳ ಬುಟ್ಟಿ. ಇವೆಲ್ಲ ಒಂದೊಂದಾಗಿ ನೋಡಿದರೆ ಸಣ್ಣವು, ಕೂಡಿಸಿದರೆ ಕೈ ಕಚ್ಚುತ್ತವೆ.

2021ರ ಆಗಸ್ಟಿನಲ್ಲಿ ಅಲಬಾಮದ ಹುಡುಗಿಯರು ದಿನದ ಉಡುಪನ್ನು ತೋರಿಸುವ ವಿಡಿಯೋಗಳನ್ನು ಟಿಕ್‌ಟಾಕ್‌ಗೆ ಹಾಕಿದರು. ಷೂ ಯಾವ ಕಂಪನಿಯದು, ಕಿವಿಯೋಲೆ ಯಾವುದು, ಬಟ್ಟೆ ಎಲ್ಲಿಯದು ಎಂದು ಕನ್ನಡಿಯ ಮುಂದೆ ನಿಂತು ಹೇಳುವ ಆ ತುಣುಕುಗಳನ್ನು ಲೋಕವೆಲ್ಲ ನೋಡಿತು. 2023ರಲ್ಲಿ ರೇಚಲ್ ಫ್ಲೈಟ್ ನಿರ್ದೇಶನದ ಸಾಕ್ಷ್ಯಚಿತ್ರವೂ ಬಂತು. ಮೊದಲು ತಾಯಿಯಿಂದ ಮಗಳಿಗೆ, ಅಕ್ಕನಿಂದ ತಂಗಿಗೆ ದಾಟುತ್ತಿದ್ದ ತಿಳಿವಳಿಕೆ ಹೀಗೆ ಎಲ್ಲರ ಕೈಗೂ ಸಿಕ್ಕಿದ್ದು ಒಳ್ಳೆಯದೇ. ಜೊತೆಯಲ್ಲೇ ಉಡುಪಿನ ಮಟ್ಟವೂ ಏರಿತು. ರಶ್‌ಗೆ ತಯಾರು ಮಾಡುವ ಸಲಹೆಗಾರರಿದ್ದಾರೆ. ಏನು ಉಡಬೇಕು, ಹೇಗೆ ಮಾತಾಡಬೇಕು, ಹಳೆಯ ಫೋಟೋಗಳಲ್ಲಿ ಯಾವುದನ್ನು ಅಳಿಸಬೇಕು ಎಂದು ಹೇಳಿಕೊಡಲು ಸಾವಿರಾರು ಡಾಲರ್ ತೆಗೆದುಕೊಳ್ಳುವವರೂ ಅವರಲ್ಲಿದ್ದಾರೆ.

ಬಡವರನ್ನು ಸೇರಿಸಬಾರದೆಂದು ಯಾವ ಸೊರಾರಿಟಿಯ ನಿಯಮದಲ್ಲೂ ಇಲ್ಲ. ಮತ ಹಾಕುವ ಸದಸ್ಯೆಯರಿಗೆ ಅಭ್ಯರ್ಥಿಯ ಮನೆಯ ಆದಾಯ ಗೊತ್ತಿರುವುದೂ ಇಲ್ಲ. ಸೋಸುವಿಕೆ ನಡೆಯುವುದು ಮತಕ್ಕಿಂತ ಮೊದಲು. ಶುಲ್ಕದ ಪಟ್ಟಿ ನೋಡಿ ಹೆಸರೇ ಕೊಡದವಳನ್ನು ಯಾರೂ ತಿರಸ್ಕರಿಸಿರುವುದಿಲ್ಲ, ಆದ್ದರಿಂದ ಅವಳು ಯಾವ ಅಂಕಿಅಂಶದಲ್ಲೂ ಕಾಣುವುದಿಲ್ಲ. ಮೂರನೆಯ ದಿನ ಅಮ್ಮನಿಗೆ ಫೋನು ಮಾಡಿ, ಮೊತ್ತ ಹೇಳಿ, ರಶ್ ಕೈಬಿಡುವವಳು ತಾನಾಗಿ ಹಿಂದೆ ಸರಿದವರ ಪಟ್ಟಿಗೆ ಸೇರುತ್ತಾಳೆ. ಒಮ್ಮೆ ಸೇರಿ ಎರಡನೆಯ ವರ್ಷದ ಮನೆವಾಸದ ಬಿಲ್ಲು ಬಂದಾಗ ಬಿಡುವವಳ ಪಾಡು ಇನ್ನೂ ಕಷ್ಟದ್ದು. ಅವಳು ಸಂಘದ ಜೊತೆಗೆ ಆ ವರ್ಷ ಗಳಿಸಿದ ಗೆಳತಿಯರ ದಿನಚರಿಯಿಂದಲೂ ಹೊರಬೀಳುತ್ತಾಳೆ.

ಎಲಿಜಬೆತ್ ಆರ್ಮ್‌ಸ್ಟ್ರಾಂಗ್ ಮತ್ತು ಲಾರಾ ಹ್ಯಾಮಿಲ್ಟನ್ ಎಂಬ ಸಮಾಜಶಾಸ್ತ್ರಜ್ಞೆಯರ ಪೇಯಿಂಗ್ ಫಾರ್ ದ ಪಾರ್ಟಿ (2013) ಈ ವಿಷಯದಲ್ಲಿ ಓದಲೇಬೇಕಾದ ಕೃತಿ. ಮಧ್ಯಪಶ್ಚಿಮದ ಒಂದು ದೊಡ್ಡ ರಾಜ್ಯ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ, ಒಂದೇ ಮಹಡಿಯಲ್ಲಿದ್ದ 50ಕ್ಕೂ ಹೆಚ್ಚು ಹುಡುಗಿಯರ ಬದುಕನ್ನು ಅವರು 2004ರಿಂದ ಐದು ವರ್ಷ ಹಿಂಬಾಲಿಸಿದರು. ಸೊರಾರಿಟಿ ಮತ್ತು ಪಾರ್ಟಿಗಳ ದಾರಿ ವಿಶ್ವವಿದ್ಯಾಲಯದ ಮಧ್ಯದಲ್ಲೇ ಹೆದ್ದಾರಿಯಾಗಿ ಹಾದುಹೋಗಿತ್ತು. ಅನುಕೂಲಸ್ಥ ಮನೆಯ ಹುಡುಗಿಯರು ಅದರಲ್ಲಿ ನಡೆದು, ಅಂಕ ಸುಮಾರಾಗಿದ್ದರೂ, ಅಪ್ಪ ಅಮ್ಮನ ಹಣ ಮತ್ತು ಪರಿಚಯದ ಬಲದಿಂದ ನೆಲೆ ಕಂಡರು. ಅದೇ ದಾರಿ ಹಿಡಿದ ಸಾಮಾನ್ಯ ಮನೆಯವರಿಗೆ ಉಳಿದದ್ದು ಸಾಲ. ದುಡಿಯುವ ವರ್ಗದಿಂದ ಬಂದವರಲ್ಲಿ ಆ ದೊಡ್ಡ ಕ್ಯಾಂಪಸ್ ಬಿಟ್ಟು ತಮ್ಮ ಪ್ರದೇಶದ ಸಣ್ಣ ಕಾಲೇಜಿಗೆ ಹೋದವರೇ ಹೆಚ್ಚು ಚೆನ್ನಾಗಿ ನೆಲೆಗೊಂಡರು. ಸೊರಾರಿಟಿ ಯಾರನ್ನು ಹೊರಗಿಡುತ್ತದೆ ಎಂದು ಮಾತ್ರ ಕೇಳುತ್ತಿದ್ದ ಚರ್ಚೆಗೆ, ಒಳಗೆ ಬಂದವರಿಗೆ ಅದರ ಬೆಲೆ ಒಂದೇ ಆಗಿರುತ್ತದೆಯೇ ಎಂಬ ಪ್ರಶ್ನೆಯನ್ನು ಈ ಪುಸ್ತಕ ಸೇರಿಸಿತು.

ವಿಶ್ವವಿದ್ಯಾಲಯದ ಪಾಲು

ಇದರಲ್ಲಿ ವಿಶ್ವವಿದ್ಯಾಲಯದ ಹಿತವೂ ಇದೆ. ರಾಜ್ಯ ಸರ್ಕಾರಗಳು, ಮುಖ್ಯವಾಗಿ 2008ರ ಆರ್ಥಿಕ ಹಿಂಜರಿತದ ನಂತರ, ಉನ್ನತ ಶಿಕ್ಷಣಕ್ಕೆ ಕೊಡುತ್ತಿದ್ದ ಹಣವನ್ನು ಕಡಿತ ಮಾಡಿದವು. ಹೊರರಾಜ್ಯದ ವಿದ್ಯಾರ್ಥಿ ಕಟ್ಟುವ ಶುಲ್ಕ ಸ್ಥಳೀಯ ವಿದ್ಯಾರ್ಥಿಯ ಶುಲ್ಕದ ಎರಡು ಮೂರು ಪಟ್ಟು. ಅಲಬಾಮ ವಿಶ್ವವಿದ್ಯಾಲಯ 2003ರಿಂದ ರಾಬರ್ಟ್ ವಿಟ್ ಅವರ ಅಧ್ಯಕ್ಷತೆಯಲ್ಲಿ ಬೆಳವಣಿಗೆಯ ದಾರಿ ಹಿಡಿದು, ಸುಮಾರು 20,000 ಇದ್ದ ವಿದ್ಯಾರ್ಥಿಗಳ ಸಂಖ್ಯೆಯನ್ನು 2016ರ ಹೊತ್ತಿಗೆ 37,000 ದಾಟಿಸಿತು. ಇಂದು ಅಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೊರರಾಜ್ಯದವರು. ದೂರದ ಇಲಿನಾಯ್, ಟೆಕ್ಸಸ್, ಕ್ಯಾಲಿಫೋರ್ನಿಯಾದಿಂದ ಬರುವ ಹುಡುಗಿಯನ್ನು ಸೆಳೆಯುವ ಚಿತ್ರದಲ್ಲಿ ಫುಟ್‌ಬಾಲಿನಷ್ಟೇ ಎದ್ದು ಕಾಣುವುದು ಸೊರಾರಿಟಿ ಬೀದಿ. ಕೋಟಿಗಟ್ಟಲೆ ಡಾಲರಿನ ಹೊಸ ಮನೆಗಳು ಎದ್ದವು. ಅವುಗಳ ಸಾಲ ತೀರಬೇಕಾದರೆ ಮುಂದಿನ ದಶಕಗಳಲ್ಲೂ ಪ್ರತಿ ಆಗಸ್ಟಿನಲ್ಲಿ ಅಷ್ಟೇ ದೊಡ್ಡ ಸಂಖ್ಯೆಯ ಹುಡುಗಿಯರು ಬರುತ್ತಿರಬೇಕು.

ಹಣ ಕೊಡುವ ಹಳೆಯ ಸದಸ್ಯೆಯರ ಮಾತಿಗೆ ಬೆಲೆ ಬರುವುದೂ ಇದೇ ಕಾರಣಕ್ಕೆ. 2013ರ ಸೆಪ್ಟೆಂಬರಿನಲ್ಲಿ ಅಲಬಾಮದ ವಿದ್ಯಾರ್ಥಿ ಪತ್ರಿಕೆ ಕ್ರಿಮ್‌ಸನ್ ವೈಟ್ ಒಂದು ವರದಿ ಪ್ರಕಟಿಸಿತು. ವಿದ್ಯಾರ್ಥಿನಿಯರು ಕಪ್ಪು ಹುಡುಗಿಯೊಬ್ಬಳನ್ನು ಸೇರಿಸಿಕೊಳ್ಳಲು ಸಿದ್ಧರಿದ್ದರೂ ಹಳೆಯ ಸದಸ್ಯೆಯರು ಅಡ್ಡ ಬಂದರು ಎಂದು ಶಾಖೆಯ ಒಳಗಿನವರೇ ಹೇಳಿದ್ದರು. ಗವರ್ನರ್ ಜಾರ್ಜ್ ವಾಲೇಸ್ ಕಪ್ಪು ವಿದ್ಯಾರ್ಥಿಗಳನ್ನು ತಡೆಯಲು ಅದೇ ವಿಶ್ವವಿದ್ಯಾಲಯದ ಬಾಗಿಲಲ್ಲಿ ನಿಂತು ಆಗ 50 ವರ್ಷವಾಗಿತ್ತು. ಅಧ್ಯಕ್ಷೆ ಜೂಡಿ ಬಾನರ್ ಶಾಖೆಗಳು ಆಯ್ಕೆಯನ್ನು ಮತ್ತೆ ತೆರೆಯಬೇಕೆಂದು ಸೂಚಿಸಿದರು, ಕೆಲವೇ ದಿನಗಳಲ್ಲಿ ಕಪ್ಪು ವಿದ್ಯಾರ್ಥಿನಿಯರಿಗೆ ಬಿಡ್ ಸಿಕ್ಕವು. ರಶ್‌ಗೆ ಬರುವ ಹುಡುಗಿಯರಿಗೆ ಶಿಫಾರಸು ಪತ್ರ ಬರೆಯುವವರು, ದೇಣಿಗೆ ಕೊಡುವವರು, ಸಲಹಾ ಮಂಡಳಿಯಲ್ಲಿ ಕೂರುವವರು ಬಹುಮಟ್ಟಿಗೆ ಒಂದೇ ವಲಯದವರಾದಾಗ, ಜನಾಂಗದ ಗೋಡೆಗೂ ಹಣದ ಗೋಡೆಗೂ ನಡುವೆ ಗೆರೆ ಎಳೆಯುವುದು ಕಷ್ಟ.

ಮನೆಯಿಲ್ಲದ ಸೊರಾರಿಟಿಗಳು

ಬೇರೆ ಮಾದರಿಗಳೂ ಇವೆ. ವಾಷಿಂಗ್ಟನ್ನಿನ ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ 1908ರಲ್ಲಿ ಹುಟ್ಟಿದ ಆಲ್ಫಾ ಕಪ್ಪಾ ಆಲ್ಫಾ, 1913ರ ಡೆಲ್ಟಾ ಸಿಗ್ಮಾ ಥೀಟಾ, 1920ರ ಝೀಟಾ ಫೈ ಬೀಟಾ, ಇಂಡಿಯಾನಾಪೊಲಿಸ್‌ನಲ್ಲಿ 1922ರಲ್ಲಿ ಹುಟ್ಟಿದ ಸಿಗ್ಮಾ ಗ್ಯಾಮಾ ರೋ ಎಂಬ ಆಫ್ರಿಕನ್ ಅಮೆರಿಕನ್ ಸೊರಾರಿಟಿಗಳಲ್ಲಿ ಆಗಸ್ಟಿನ ರಶ್ ಎಂಬುದೇ ಇಲ್ಲ. ಹೆಚ್ಚಿನ ಕ್ಯಾಂಪಸ್‌ಗಳಲ್ಲಿ ಅವಕ್ಕೆ ಮನೆಯೂ ಇಲ್ಲ. ಒಮ್ಮೆ ಕಟ್ಟುವ ಸೇರ್ಪಡೆ ಶುಲ್ಕ ದೊಡ್ಡದಿರಬಹುದು, ಆದರೆ ತಿಂಗಳು ತಿಂಗಳ ಹೊರೆ ಕಡಿಮೆ. ಪದವಿಯ ನಂತರವೂ ಸೇರಬಹುದು, ಜೀವಮಾನವಿಡೀ ಸದಸ್ಯೆಯಾಗಿ ದುಡಿಯಬಹುದು. ಸಂಬಳ ಕೈಗೆ ಬಂದ ಮೇಲೆ ಸೇರುವ ದಾರಿ ತೆರೆದಿರುವುದು ದೊಡ್ಡ ಮಾತು. 1975ರಲ್ಲಿ ನ್ಯೂಜೆರ್ಸಿಯಲ್ಲಿ ಲ್ಯಾಟಿನಾ ವಿದ್ಯಾರ್ಥಿನಿಯರು ಲ್ಯಾಂಬ್ಡಾ ಥೀಟಾ ಆಲ್ಫಾ ಕಟ್ಟಿದರು.

ಭಾರತೀಯ ಮೂಲದವರಿಗೆ, ಅವರಲ್ಲಿ ಅಮೆರಿಕದಲ್ಲಿ ನೆಲೆಸಿದ ಕನ್ನಡಿಗ ಕುಟುಂಬಗಳಿಗೂ, ವಿಷಯ ಹತ್ತಿರವಾಗುವುದು 1998ರಿಂದ. ಅದೊಂದೇ ವರ್ಷ ಮೂರು ದಕ್ಷಿಣ ಏಷ್ಯನ್ ಸೊರಾರಿಟಿಗಳು ಹುಟ್ಟಿದವು: ಹ್ಯೂಸ್ಟನ್ ವಿಶ್ವವಿದ್ಯಾಲಯದಲ್ಲಿ ಡೆಲ್ಟಾ ಫೈ ಒಮೇಗಾ, ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ಕಪ್ಪಾ ಫೈ ಗ್ಯಾಮಾ, ನ್ಯೂಯಾರ್ಕಿನ ಸೇಂಟ್ ಜಾನ್ಸ್‌ನಲ್ಲಿ ಸಿಗ್ಮಾ ಸಿಗ್ಮಾ ರೋ. ಇವು ಸಣ್ಣ ಗುಂಪುಗಳು, ದೊಡ್ಡ ಮನೆಗಳ ಸಾಲ ಇವಕ್ಕಿಲ್ಲ, ಖರ್ಚು ಅದಕ್ಕೆ ತಕ್ಕಂತೆ ಹಗುರ. ಭಾರತದಿಂದ ನೇರವಾಗಿ ಪದವಿ ಓದಲು ಹೋದವರ ಸ್ಥಿತಿ ಬೇರೆ. ವಿದ್ಯಾರ್ಥಿ ವೀಸಾದಲ್ಲಿ ತರಗತಿ ನಡೆಯುವಾಗ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆ ಮಾತ್ರ ಕೆಲಸ ಮಾಡಬಹುದು. ದುಡಿದು ಸೊರಾರಿಟಿ ಶುಲ್ಕ ಕಟ್ಟುವ ಮಾತು ಅವರ ಪಾಲಿಗೆ ಬಹುಮಟ್ಟಿಗೆ ಮುಚ್ಚಿದ ಬಾಗಿಲು.

ಪರಿಹಾರದ ಯತ್ನಗಳು

ಒಕ್ಕೂಟ ತಾನೇ ಆಡಂಬರಕ್ಕೆ ಮಿತಿ ಹಾಕಿದೆ. ಮನೆಯ ಹೊರಗೆ ಅಲಂಕಾರ ಬೇಡ, ವೇಷಭೂಷಣದ ಕಿರುನಾಟಕ ಬೇಡ, ರಶ್‌ಗೆ ಶಾಖೆ ಮಾಡುವ ವೆಚ್ಚಕ್ಕೆ ಗರಿಷ್ಠ ಮಿತಿ ಇರಲಿ, ದಾನವಾಗಿ ಬಂದ ವಸ್ತುವಿನ ಬೆಲೆಯೂ ಅದರಲ್ಲಿ ಸೇರಲಿ ಎಂಬುದು ಅದರ ಸೂಚನೆ. ಮೊದಲ ಸುತ್ತಿಗೆ ಎಲ್ಲರಿಗೂ ಒಂದೇ ಟಿ-ಷರ್ಟ್ ಕೊಡುವ ಪದ್ಧತಿ ಹಲವೆಡೆ ಇದೆ. 2020ರ ಬೇಸಿಗೆಯಲ್ಲಿ ವಾಂಡರ್‌ಬಿಲ್ಟ್ ಮುಂತಾದ ಕಡೆ ಈ ಸಂಘಗಳನ್ನೇ ರದ್ದುಮಾಡಬೇಕೆಂಬ ಚಳವಳಿ ಎದ್ದ ನಂತರ, ಸದಸ್ಯೆಯರ ಮಗಳು, ತಂಗಿ, ಮೊಮ್ಮಗಳಿಗೆ ಕೊಡುತ್ತಿದ್ದ ಲೆಗಸಿ ಆದ್ಯತೆಯನ್ನು ಹಲವು ಸಂಸ್ಥೆಗಳು ಕೈಬಿಟ್ಟವು. ಶಿಫಾರಸು ಪತ್ರದ ಅಗತ್ಯವನ್ನೂ ಸಡಿಲಿಸಿದವು. ಕಂತಿನಲ್ಲಿ ಶುಲ್ಕ ಕಟ್ಟುವ ಅವಕಾಶ, ಸಂಸ್ಥೆಗಳ ಪ್ರತಿಷ್ಠಾನಗಳಿಂದ ವಿದ್ಯಾರ್ಥಿವೇತನ ಇವೆ. ಆದರೆ ವಿದ್ಯಾರ್ಥಿವೇತನ ಸಿಗುವುದು ಹೆಚ್ಚಾಗಿ ಸೇರಿದ ಮೇಲೆ, ಅದೂ ಕೆಲವರಿಗೆ. ಪ್ರತಿ ಶಾಖೆಯೂ ನಾಲ್ಕು ವರ್ಷದ ಪೂರ್ತಿ ಖರ್ಚನ್ನು, ದಂಡ, ಟಿ-ಷರ್ಟ್‌ಗಳ ಸಮೇತ, ಹೆಸರು ನೋಂದಾಯಿಸುವ ಮೊದಲೇ ಪ್ರಕಟಿಸಿದರೆ ಇವೆಲ್ಲಕ್ಕಿಂತ ಹೆಚ್ಚು ಉಪಕಾರವಾದೀತು. ಸರಾಸರಿ ಅಂಕಿಯನ್ನಷ್ಟೇ ಕೊಡುವುದರಿಂದ ಕುಟುಂಬಕ್ಕೆ ಅದು ತಿಳಿಯುವುದಿಲ್ಲ.

ತೆರಿಗೆ ಕಾನೂನಿನ ತೊಡಕೂ ಒಂದಿದೆ. ಸೊರಾರಿಟಿಗಳು ಆದಾಯ ತೆರಿಗೆ ಸಂಹಿತೆಯ 501(ಸಿ)(7) ಕಲಮಿನಡಿ ಸಾಮಾಜಿಕ ಕ್ಲಬ್ಬುಗಳು. ವಿಶ್ವವಿದ್ಯಾಲಯದ ಹಾಸ್ಟೆಲ್ ಕಟ್ಟಲು ಹಣ ಕೊಟ್ಟವರಿಗೆ ಸಿಗುವ ತೆರಿಗೆ ವಿನಾಯಿತಿ, ಸೊರಾರಿಟಿ ಮನೆಯ ಮಲಗುವ ಕೋಣೆಗೆ ಕೊಟ್ಟವರಿಗೆ ಸಿಗುವುದಿಲ್ಲ. ಇದನ್ನು ಬದಲಿಸುವ ಮಸೂದೆ 2000ದ ದಶಕದಿಂದ ಕಾಂಗ್ರೆಸ್ಸಿನಲ್ಲಿ ಹಲವು ಸಲ ಮಂಡನೆಯಾಗಿದೆ. ದೇಣಿಗೆ ಬಂದರೆ ಬಾಡಿಗೆ ಇಳಿಯುತ್ತದೆ ಎಂಬುದು ಬೆಂಬಲಿಗರ ವಾದ. ಆ ಹಣ ಇನ್ನಷ್ಟು ವೈಭವದ ಮನೆಗಳಿಗೆ ಹೋಗದೆ ಬಾಡಿಗೆ ಇಳಿಸಲಿಕ್ಕೇ ಹೋಗುತ್ತದೆ ಎಂಬ ಖಾತ್ರಿಯನ್ನು ಕಾನೂನೇ ಕೊಡಬೇಕಾಗುತ್ತದೆ.

2020ರ ಕೋವಿಡ್ ಕಾಲದಲ್ಲಿ ರಶ್ ಜೂಮ್ ಪರದೆಗೆ ಸರಿಯಿತು. ಮನೆಗಳು ಅರೆಖಾಲಿಯಾಗಿ ನಿಂತರೂ ಸಾಲದ ಕಂತು ನಿಲ್ಲಲಿಲ್ಲ. ಮರುವರ್ಷ ದೊಡ್ಡ ಕ್ಯಾಂಪಸ್‌ಗಳು ಮತ್ತೆ ತುಂಬಿದವು. ಮುಂದಿನ ಪ್ರಶ್ನೆ ಜನಸಂಖ್ಯೆಯದು. ಅಮೆರಿಕದಲ್ಲಿ ಜನನ ಪ್ರಮಾಣ 2007ರ ನಂತರ ಇಳಿಯಿತು, ಆ ಮಕ್ಕಳು 2020ರ ದಶಕದ ಮಧ್ಯದಿಂದ ಕಾಲೇಜಿನ ವಯಸ್ಸಿಗೆ ಬರುತ್ತಿದ್ದಾರೆ. ದಕ್ಷಿಣದ ದೊಡ್ಡ ವಿಶ್ವವಿದ್ಯಾಲಯಗಳಿಗೆ ಹೊರರಾಜ್ಯದವರ ಹರಿವು ಇರುವವರೆಗೆ ಕೋಟಾ ಇಳಿಯಲಾರದು. ಪ್ರವೇಶ ಕುಗ್ಗುತ್ತಿರುವ ಮಧ್ಯಮ ಗಾತ್ರದ ರಾಜ್ಯ ಕಾಲೇಜುಗಳಲ್ಲಿ ಶಾಖೆಗಳು ಈಗಾಗಲೇ ಮುಚ್ಚುತ್ತಿವೆ. ಅಂಥ ಕಡೆ ಉಳಿದಿರುವವರ ಮುಂದೆ ವಾಂಡರ್‌ಬಿಲ್ಟ್‌ನ ಉದಾಹರಣೆಯೊಂದಿದೆ. ಅಲ್ಲಿ ಸೊರಾರಿಟಿ ಮನೆಯಲ್ಲಿ ವಾಸಿಸುವವರು ಕೆಲವೇ ಪದಾಧಿಕಾರಿಗಳು, ಉಳಿದವರೆಲ್ಲ ವಿಶ್ವವಿದ್ಯಾಲಯದ ಹಾಸ್ಟೆಲುಗಳಲ್ಲೇ ಇದ್ದು, ಸಭೆಗೂ ಊಟಕ್ಕೂ ಮಾತ್ರ ಮನೆಗೆ ಬರುತ್ತಾರೆ.